ಎಲೆಕ್ಟ್ರಿಕ್ ಗಿಟಾರಿನಲ್ಲಿ ಗಮಕ: ಪಿಕಪ್‌ಗೆ ಕೈ ಹಾಕುವ ಮುಂಚೆ

ಪ್ರಶ್ನೆ: ನಮಸ್ಕಾರ ಸರ್. ನನ್ನದು ಸ್ಟ್ರ್ಯಾಟ್ (ಫೆಂಡರ್ ಸ್ಟ್ರ್ಯಾಟೊಕಾಸ್ಟರ್) ಮಾದರಿಯ ಗಿಟಾರ್. ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಅಯಸ್ಕಾಂತದ ಭಾಗ), ತೇಲುವ ಟ್ರೆಮೊಲೊ ಬ್ರಿಡ್ಜ್ (ಸ್ಪ್ರಿಂಗ್ ಬಲದ ಮೇಲೆ ನಿಂತು ವಾಲಬಲ್ಲ, ತಂತಿಗಳ ಬುಡದ ಆಧಾರ), 9–42 ತಂತಿ (ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ), ಫ್ರೆಟ್‌ಬೋರ್ಡ್ ರೇಡಿಯಸ್ (ಬೋರ್ಡಿನ ಉಬ್ಬಿನ ತ್ರಿಜ್ಯ) 9.5 ಇಂಚು. ನುಡಿಸುವುದು ಕರ್ನಾಟಕ ಸಂಗೀತ. ತೋಡಿಯ ಗಾಂಧಾರಕ್ಕೆ ಮೂರನೇ ತಂತಿ ಎಳೆದರೆ ಸ್ವರ ಪೂರ್ತಿ ಮುಟ್ಟುವುದಿಲ್ಲ, ಬಿಟ್ಟ ಮೇಲೆ ತಂತಿಯ ಶ್ರುತಿ ತುಸು ಇಳಿದಿರುತ್ತದೆ, ಜೊತೆಗೆ ಮೀಟಿಟ್ಟ ಷಡ್ಜವೂ ಕುಸಿಯುತ್ತದೆ. 14ನೇ ಫ್ರೆಟ್ ದಾಟಿ ಎಳೆದರಂತೂ ನಾದವೇ ಸತ್ತುಹೋಗುತ್ತದೆ. ಒಳ್ಳೆಯ ಪಿಕಪ್ ಹಾಕಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ. ಪಿಕಪ್ ಹಣ ಹಾಗೇ ಇರಲಿ. ನೀವು ಹೇಳಿದ್ದರಲ್ಲಿ ಮೂರು ಬೇರೆ ಬೇರೆ ದೋಷಗಳಿವೆ, ಮೂರಕ್ಕೂ ಪಿಕಪ್‌ಗೂ ಸಂಬಂಧವಿಲ್ಲ.

ಷಡ್ಜ ಕುಸಿಯಲು ಕಾರಣ ಬ್ರಿಡ್ಜ್. 9–42 ಸೆಟ್‌ನ ಆರೂ ತಂತಿಗಳು ಸೇರಿ ಸುಮಾರು 38 ಕಿಲೊ ಬಲದಲ್ಲಿ ಬ್ರಿಡ್ಜನ್ನು ಮುಂದಕ್ಕೆ ಜಗ್ಗುತ್ತವೆ, ಹಿಂಬದಿಯ ಸ್ಪ್ರಿಂಗ್‌ಗಳು ಅದನ್ನು ಸರಿದೂಗಿಸುತ್ತಾ ಹಿಂದಕ್ಕೆ. ಒಂದು ತಂತಿ ಎಳೆದ ಕೂಡಲೇ ಈ ಸಮತೋಲ ತಪ್ಪಿ ಬ್ರಿಡ್ಜ್ ಮುಂದಕ್ಕೆ ವಾಲುತ್ತದೆ, ಉಳಿದ ಐದೂ ಸಡಿಲವಾಗುತ್ತವೆ. ಎಳೆದ ತಂತಿಗೂ ಅದರಿಂದಲೇ ಸ್ವರ ಸಾಲದೆ ಬರುವುದು. ಹಿಂದಿನ ಮುಚ್ಚಳ ತೆಗೆದು, ಸ್ಪ್ರಿಂಗ್‌ಗಳು ಐದಾಗುವಂತೆ ಹಾಕಿ, ಅವು ಸಿಕ್ಕಿರುವ ತಗಡಿನ ಎರಡು ಸ್ಕ್ರೂಗಳನ್ನು ಅರ್ಧರ್ಧ ಸುತ್ತು ಬಿಗಿ ಮಾಡುತ್ತಾ ಬನ್ನಿ. ಪ್ರತಿ ಸಲವೂ ಶ್ರುತಿ ಮಾಡಿ ನೋಡಬೇಕು. ಬ್ರಿಡ್ಜಿನ ತಟ್ಟೆ ಗಿಟಾರಿನ ಮೈಗೆ ಪೂರ್ತಿ ಕೂರಬೇಕು. ಆಮೇಲೆ ಆರನೇ ತಂತಿ ಮೀಟಿ, ಟ್ಯೂನರ್ ನೋಡುತ್ತಾ ಮೂರನೆಯದನ್ನು ಒಂದು ಪೂರ್ಣ ಸ್ವರ ಎಳೆಯಿರಿ. ಮುಳ್ಳು ಇನ್ನೂ ಇಳಿದರೆ ಗಟ್ಟಿಮರದ ತುಂಡೊಂದನ್ನು ಒಳಗೆ ಸಿಕ್ಕಿಸಿ. ಬಹಳ ಜನ ತಪ್ಪುವುದು ಇಲ್ಲೇ: ತುಂಡು ಕೂರಬೇಕಾದದ್ದು ಸ್ಪ್ರಿಂಗ್ ಇರುವ ಕಡೆ ಅಲ್ಲ, ಬ್ರಿಡ್ಜಿನ ಅಡಿ ಇಳಿಬಿದ್ದಿರುವ ಲೋಹದ ದಿಮ್ಮಿಯ ಹಿಂದೆ, ಗಿಟಾರಿನ ಬುಡದ ಸ್ಟ್ರ್ಯಾಪ್ ಗುಂಡಿಯ ಕಡೆ. ಬ್ರಿಡ್ಜ್ ಮುಂದೆ ವಾಲಿದಾಗ ದಿಮ್ಮಿ ಹಿಂದಕ್ಕೇ ಚಲಿಸುವುದು. ಅಂಟು ಬೇಡ, ಬಿಗಿಯಾಗಿ ಕೂತರೆ ಸಾಕು.

ಬಿಟ್ಟ ಮೇಲೆ ಶ್ರುತಿ ಇಳಿದೇ ಉಳಿಯುವುದು ನಟ್‌ನಿಂದ (ಬಿರಡೆಗಳ ಮುಂದೆ ತಂತಿಗಳನ್ನು ಹೊತ್ತಿರುವ ಪಟ್ಟಿ). ಎಳೆದಾಗ ಬಿರಡೆ ಕಡೆಯಿಂದ ಕೂದಲೆಳೆಯಷ್ಟು ತಂತಿ ಜಾರಿ ಬರುತ್ತದೆ, ಬಿಟ್ಟಾಗ ನಟ್‌ನ ಗಾಡಿಯಲ್ಲಿ (ತಂತಿ ಕೂರುವ ಸಣ್ಣ ತೋಡಿನಲ್ಲಿ) ಕಚ್ಚಿಕೊಂಡು ವಾಪಸ್ ಹೋಗುವುದಿಲ್ಲ. ಶ್ರುತಿ ಮಾಡುವಾಗ 'ಟಿಕ್' ಎಂದು ಸದ್ದು ಬಂದರೆ ಅದೇ ಗುರುತು. ಪೆನ್ಸಿಲ್ ಸೀಸದ ಪುಡಿ ಗಾಡಿಗೆ ಸವರಿ ನೋಡಿ. ಸಾಲದಿದ್ದರೆ ನಟ್ ಫೈಲ್‌ನಿಂದ ಗಾಡಿಯನ್ನು ತಂತಿಗಿಂತ ಸುಮಾರು 0.05 ಮಿ.ಮೀ. ಅಗಲ ಮಾಡಿಸಿ, ಬಿರಡೆ ಕಡೆಗೆ ಇಳಿಜಾರು ಇರಲಿ. ಆಳ ಮಾತ್ರ ಹೆಚ್ಚಬಾರದು, ಹೆಚ್ಚಿದರೆ ಖಾಲಿ ತಂತಿ ಜರಗುಟ್ಟುತ್ತದೆ.

ಇನ್ನು ನಾದ ಸಾಯುವುದು. ಬೋರ್ಡ್ ನಡುವೆ ಉಬ್ಬಿದೆ. ಬದಿಯ ತಂತಿಯನ್ನು ನಡುವಿಗೆ ಎಳೆದರೆ ಮುಂದಿನ ಫ್ರೆಟ್‌ಗಳ ಉಬ್ಬಿಗೆ ಅದು ತಗಲುತ್ತದೆ. ಮೊದಲು ಕುತ್ತಿಗೆಯ ಬಾಗು ಅಳೆಯಿರಿ: 1ನೇ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ ಒತ್ತಿ, 8ನೆಯದರ ಮೇಲೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಇಟ್ಟಾಗ ಸಂದು 0.25 ಮಿ.ಮೀ. ಇರಬೇಕು. ಹೆಚ್ಚಿದ್ದರೆ ಟ್ರಸ್ ರಾಡನ್ನು (ಕುತ್ತಿಗೆಯೊಳಗೆ ಬಾಗು ಸರಿಪಡಿಸುವ ಸರಳು) ಗಡಿಯಾರದ ದಿಕ್ಕಿಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಮತ್ತೆ ಅಳೆಯಿರಿ. 17ನೇ ಫ್ರೆಟ್ ಮೇಲೆ ತಂತಿಯ ಎತ್ತರ ಸಾಮಾನ್ಯವಾಗಿ 1.6 ಮಿ.ಮೀ. ನಿಮಗೆ 1.8ರಿಂದ 2 ಬೇಕಾದೀತು. ಆಗಲೂ ಒಂದೇ ಜಾಗದಲ್ಲಿ ಸತ್ತರೆ ಯಾವುದೋ ಫ್ರೆಟ್ ಎದ್ದಿದೆ, ಲೆವೆಲಿಂಗ್ (ಫ್ರೆಟ್‌ಗಳನ್ನು ಉಜ್ಜಿ ಸಮ ಮಾಡುವುದು) ಮಾಡಿಸಬೇಕು.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ತಂತಿಯೂ ಬದಲಿಸಲೇ? ಮೂರನೆಯದು ಸುತ್ತು ತಂತಿ (ತೆಳು ಎಳೆಯ ಮೇಲೆ ಲೋಹ ಸುತ್ತಿದ್ದು) ಇದ್ದರೆ ವೀಣೆಯ ತೂಕ ಬರುತ್ತದೆ ಎಂದು ಒಬ್ಬರು ಹೇಳಿದರು.

ಉತ್ತರ: ಸುತ್ತು ತಂತಿ ಗಮಕಕ್ಕೆ ಬೇಡವೇ ಬೇಡ. ಅದರೊಳಗಿನ ಎಳೆ ತೆಳು, ಅದೇ ಸ್ವರಕ್ಕೆ ಇನ್ನಷ್ಟು ದೂರ ಎಳೆಯಬೇಕಾಗುತ್ತದೆ. ದಪ್ಪದ ವಿಷಯ: 25.5 ಇಂಚಿನ ಸ್ಕೇಲಿನಲ್ಲಿ (ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದ) 9ರ ಮೊದಲ ತಂತಿ ಇ ಶ್ರುತಿಯಲ್ಲಿ ಸುಮಾರು 6 ಕಿಲೊ ಬಿಗಿ, 10ರದು 7.3. 9 ಸುಲಭವಾಗಿ ಬಾಗುತ್ತದೆ ನಿಜ, ಆದರೆ ಕಂಪಿತದಲ್ಲಿ ಬೆರಳಿನ ಸಣ್ಣ ಏರುಪೇರೂ ಸ್ವರದಲ್ಲಿ ಕೇಳಿಸುತ್ತದೆ. 11ರ ಸೆಟ್ ಹಾಕಿ ಇಡೀ ಗಿಟಾರನ್ನು ಒಂದು ಪೂರ್ಣ ಸ್ವರ ಇಳಿಸಿ. ಬಿಗಿ 7.1 ಕಿಲೊ ಆಸುಪಾಸು ಬರುತ್ತದೆ, ಮೂರು ಮನೆ (ಇ) ಶ್ರುತಿ ಎರಡು ಮನೆಗೆ (ಡಿ) ಇಳಿಯುತ್ತದೆ, ನಾದವೂ ತುಂಬಿಕೊಳ್ಳುತ್ತದೆ. ದಪ್ಪ ತಂತಿಗೆ ನಟ್ ಗಾಡಿ ಅಗಲ ಮಾಡಿಸಲೇಬೇಕು.

ಇನ್ನೊಬ್ಬ ರಿಪೇರಿಯವರು: 11ರ ಬಗ್ಗೆ ನನ್ನ ಅಭಿಪ್ರಾಯ ಬೇರೆ. ದಿನಕ್ಕೆ ಎರಡು ಮೂರು ಗಂಟೆ ಅಭ್ಯಾಸ ಮಾಡುವವರು 10ರಿಂದಲೇ ಶುರು ಮಾಡಿ, ಅರ್ಧ ಸ್ವರ ಮಾತ್ರ ಇಳಿಸಲಿ. ಬೆರಳಿನ ಗಂಟಿಗೆ ನೋವು ಬಂದ ಮೇಲೆ ಹಿಂದೆ ಬರುವುದಕ್ಕಿಂತ ಇದು ಕ್ಷೇಮ.

ಪ್ರಶ್ನೆ (ಬೇರೆ ಸದಸ್ಯರು): ಬೋರ್ಡನ್ನು ಸ್ಕ್ಯಾಲಪ್ ಮಾಡಿಸಿದರೆ (ಫ್ರೆಟ್‌ಗಳ ನಡುವೆ ತೋಡಿಸಿದರೆ) ಹೇಗೆ?

ಉತ್ತರ: ಗಮಕಕ್ಕೆ ಹೊಂದುವ ಕೆಲಸವೇ. ವೀಣೆಯ 24 ಮೆಟ್ಟಿಲುಗಳು ಮೇಣದ ಏರಿಗಳ ಮೇಲೆ ಕೂತಿರುವುದರಿಂದ ತಂತಿಯಡಿ ಟೊಳ್ಳು, ಬೆರಳಿಗೆ ಮರ ತಾಗುವುದೇ ಇಲ್ಲ. ಫ್ರೆಟ್‌ಗಳ ನಡುವೆ ದೋಣಿಯಂತೆ ತೋಡಿದರೆ ಗಿಟಾರಿಗೂ ಅದೇ ಅನುಕೂಲ. 1970ರ ದಶಕದಲ್ಲಿ ಶಕ್ತಿ ಎಂಬ ಫ್ಯೂಷನ್ ತಂಡದಲ್ಲಿ ಜಾನ್ ಮೆಕ್‌ಲಾಫ್ಲಿನ್ ನುಡಿಸಿದ ಗಿಟಾರಿನ ಬೋರ್ಡ್ ಹೀಗೆ ತೋಡಿದ್ದೇ. ಆದರೆ ತೋಡಿದ ಮರ ವಾಪಸ್ ಬರುವುದಿಲ್ಲ. ಕೈಭಾರ ಇರುವವರು ಒತ್ತಿದರೆ ಪ್ರತಿ ಸ್ವರವೂ ಏರುತ್ತದೆ, ಕಾರ್ಡ್‌ಗಳು ಅಪಸ್ವರ. ಮೇಪಲ್ ಬೋರ್ಡ್ ಆದರೆ ಮತ್ತೆ ಲ್ಯಾಕರ್ ಕೂಡ ಹಾಕಬೇಕು. ಅದಕ್ಕೇ ಮೊದಲು ಎತ್ತರದ ಫ್ರೆಟ್ ಹಾಕಿಸಿ. ಹಳೆಯ ಮಾದರಿಯದು ಸುಮಾರು 1.1 ಮಿ.ಮೀ. ಎತ್ತರ, ಡನ್‌ಲಪ್ 6105 ಎಂಬ ಫ್ರೆಟ್ ಸುಮಾರು 1.4. ಸ್ಟೇನ್‌ಲೆಸ್ ಸ್ಟೀಲ್ ಸಿಕ್ಕರೆ ಇನ್ನೂ ಒಳ್ಳೆಯದು, ತಂತಿ ಬೆಣ್ಣೆಯಂತೆ ಜಾರುತ್ತದೆ. ಫ್ರೆಟ್ ಎತ್ತರವಾದರೆ ಹಳೆಯ ನಟ್ ತಗ್ಗಾಗುತ್ತದೆ, ಎರಡನ್ನೂ ಒಟ್ಟಿಗೆ ಮಾಡಿಸಿ.

ಪ್ರಶ್ನೆ: ಹಾಗಾದರೆ ಪಿಕಪ್ ಮುಟ್ಟುವುದೇ ಬೇಡವೇ?

ಉತ್ತರ: ಮುಟ್ಟಿ, ಸ್ಕ್ರೂಡ್ರೈವರ್‌ನಿಂದ. ಕೊನೆಯ ಫ್ರೆಟ್ ಒತ್ತಿ ಹಿಡಿದು ಅಳೆದಾಗ ತಂತಿಯ ಅಡಿಗೂ ಅಯಸ್ಕಾಂತಕ್ಕೂ ಮಂದ್ರದ ಕಡೆ 2.4, ತಾರದ ಕಡೆ 2 ಮಿ.ಮೀ. ಅಂತರ ಬಿಡಿ. ಹತ್ತಿರವಾದರೆ ಅಯಸ್ಕಾಂತವೇ ತಂತಿಯನ್ನು ಸೆಳೆದು, ಎಳೆದು ನಿಲ್ಲಿಸಿದ ಸ್ವರ ಎರಡಾಗಿ ಅಲುಗುತ್ತದೆ. ಪಿಕಪ್ ಬದಲಿಸಲು ಒಂದೇ ಒಂದು ನ್ಯಾಯವಾದ ಕಾರಣ ಕಾಣುತ್ತದೆ: ದೂರ ಎಳೆದಾಗ ತಂತಿ ತನ್ನ ಅಯಸ್ಕಾಂತ ಬಿಟ್ಟು ಎರಡರ ನಡುವಿನ ಸಂದಿಗೆ ಬರುತ್ತದೆ, ಗಮಕದ ತುದಿಯಲ್ಲೇ ಸದ್ದು ತಗ್ಗುತ್ತದೆ. ಉದ್ದ ಪಟ್ಟಿಯಿರುವ ರೇಲ್ ಪಿಕಪ್‌ನಲ್ಲಿ ಆ ಸಂದಿ ಇರುವುದಿಲ್ಲ.

ಪ್ರಶ್ನೆ: ವಾಲ್ಯೂಮ್ ಇಳಿಸಿದರೆ ನಾದ ಮಂಕಾಗುತ್ತದಲ್ಲ?

ಉತ್ತರ: ವಾಲ್ಯೂಮ್ ಪಾಟ್‌ನ (ವಾಲ್ಯೂಮ್ ಗುಂಡಿಯಡಿಯ ಬದಲಾಗುವ ರೆಸಿಸ್ಟರ್) ಒಳಬರುವ ಕಾಲಿಗೂ ನಡುಕಾಲಿಗೂ ಮಧ್ಯೆ 150 ಕಿಲೊ ಓಮ್ ರೆಸಿಸ್ಟರ್ ಮತ್ತು 0.001 ಮೈಕ್ರೊಫ್ಯಾರಡ್ ಕೆಪಾಸಿಟರ್ ಅಕ್ಕಪಕ್ಕ (ಪ್ಯಾರಲಲ್ ಆಗಿ) ಬೆಸೆಯಿರಿ. ಎಲ್ಲ ಮುಗಿದ ಮೇಲೆ, ಹೊಸ ತಂತಿಯಲ್ಲೇ, 12ನೇ ಫ್ರೆಟ್‌ನ ಹಾರ್ಮೊನಿಕ್ಕಿಗೆ (ತಂತಿ ಒತ್ತದೆ ಮುಟ್ಟಿ ಮೀಟಿದ ಸ್ವರ) ಅಲ್ಲೇ ಒತ್ತಿದ ಸ್ವರ ಹೋಲಿಸಿ. ಒತ್ತಿದ್ದು ಏರಿದ್ದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ಆ ತಂತಿ ಕೂರುವ ತುಣುಕು) ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಕರಾವಳಿ, ಮಲೆನಾಡಿನವರು ಮಳೆ ಹಿಡಿದ ಮೇಲೊಮ್ಮೆ, ಬಿಟ್ಟ ಮೇಲೊಮ್ಮೆ 8ನೇ ಫ್ರೆಟ್‌ನ ಆ 0.25 ಮಿ.ಮೀ. ಮತ್ತೆ ಅಳೆಯಿರಿ.