ಅಪ್‌ಡೇಟ್: ತೋಟದ ಪಿಕಪ್, ಕೊನೆಗೆ ಹಳೆಯದನ್ನೇ ಕೊಂಡೆವು

ಮೂಡಿಗೆರೆಯ ನಮ್ಮ ಕಾಫಿ ತೋಟಕ್ಕೆ ಪಿಕಪ್ ಹೊಸದು ಕೊಳ್ಳುವುದೋ ಹಳೆಯದೋ ಎಂದು ಹಿಂದೆ ಇಲ್ಲಿ ಸಲಹೆ ಕೇಳಿದ್ದೆ. ಈಗ ಬಳಸಿದ ಬೊಲೆರೊ ಕ್ಯಾಂಪರ್ ಫೋರ್ ವೀಲ್ ಡ್ರೈವ್ ಮನೆಗೆ ಬಂದಿದೆ. ಇಸುಜು ಡಿ-ಮ್ಯಾಕ್ಸ್ ಪಿಕಪ್ ಓಡಿಸಲು ಹಿತ ಎಂದವರ ಮಾತು ನಿಜ. ಆದರೆ ಅದರ ಬೆಲೆ ನಮ್ಮ ಕೈಗೆ ಎಟುಕಲಿಲ್ಲ. ಹರಾಜಿನಲ್ಲಿ ಕೊಳ್ಳಿ ಎಂಬ ಸಲಹೆಯೂ ಫಲಿಸಲಿಲ್ಲ, ಅಲ್ಲಿ ಓಡಿಸಿ ನೋಡಲು ಬಿಡಲಿಲ್ಲ.

ಗೆದ್ದದ್ದು ‘ಗಾಡಿಯ ಅಡಿಗೆ ಮಲಗಿ ನೋಡಿ’ ಎಂದವರ ಸಲಹೆ. ಮೊದಲು ಮೆಚ್ಚಿದ್ದ ಗಾಡಿಯ ಹೊಸ ಬಣ್ಣ ಮಿರಮಿರ ಮಿಂಚುತ್ತಿತ್ತು. ಅದರ ಚಾಸಿಯನ್ನು (ಅಡಿಯ ಉಕ್ಕಿನ ಚೌಕಟ್ಟು) ಸ್ಕ್ರೂಡ್ರೈವರ್‌ನಿಂದ ಕೆರೆದರೆ ತುಕ್ಕು ಹಪ್ಪಳದಂತೆ ಉದುರಿತು. ಮಲೆನಾಡಿನ ಮಳೆ ಸುಮ್ಮನೆ ಬಿಡುತ್ತದೆಯೇ! ಕೊಂಡದ್ದನ್ನು ಗೊಬ್ಬರದ ಮೂಟೆ ಹೇರಿ, ತೋಟದ ಏರು ಹತ್ತಿಸಿಯೇ ಒಪ್ಪಿದೆವು.

ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಮಾಡಿಸಬೇಕಂತೆ. ಇದು ನನಗೆ ಹೊಸ ಸುದ್ದಿ. ಆರ್‌ಸಿಯಲ್ಲಿ (ನೋಂದಣಿ ಪತ್ರ) ಸಾಲದ ನಮೂದಿದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಆ ನಮೂದು ತೆಗೆಸುವ ಫಾರಂ 35 ಕೈಸೇರುವವರೆಗೆ ಪೂರ್ತಿ ಹಣ ಕೊಡಬೇಡಿ.