ಶೆಲ್ಟರ್‌ನಲ್ಲಿ ಜಾಗ ಇಲ್ಲ: ಇಂಜೆಕ್ಷನ್ ಬಿಟ್ಟು ಬೇರೆ ದಾರಿ ಎಂತ?

ಮಲ್ಪೆರೋಡ್: ಉಡುಪಿ ಹತ್ತಿರದ ಸಣ್ಣ ಶೆಲ್ಟರ್. 25 ನಾಯಿಗೆ ಜಾಗ, ಈಗ 40 ಉಂಟು. ತಿಂಗಳಿಗೆ 15ರಷ್ಟು ಬರ್ತವೆ. ಗಲ್ಫ್‌ಗೆ ಹೋಗುವವರು ಬಿಟ್ಟ ಲ್ಯಾಬ್, ಪೊಮೆರೇನಿಯನ್. ಮೀನು ಮಾರ್ಕೆಟ್ ಹತ್ತಿರ ಗೋಣಿಯಲ್ಲಿ ಸಿಕ್ಕಿದ ಹೆಣ್ಣು ಮರಿಗಳು. ಮಳೆಗಾಲದಲ್ಲಿ ಮರಿಗಳು ವಾಂತಿ, ರಕ್ತಭೇದಿಯಾಗಿ ಸಾಲಾಗಿ ಸಾಯ್ತವೆ. ‘ವಯಸ್ಸಾದವಕ್ಕೆ ಇಂಜೆಕ್ಷನ್ ಕೊಟ್ಟುಬಿಡುವ’ ಅಂತ ಕಮಿಟಿಯಲ್ಲಿ ಕೆಲವರ ಮಾತು. ನಾಲ್ಕು ಗೂಡು ಹೆಚ್ಚು ಕಟ್ಟಿದ್ರೆ ಸಾಕಾ?

ಕರಾವಳಿ_ವೆಟ್: ಜಾಗ ಇಲ್ಲ ಅನ್ನುವುದು ದಯಾಮರಣಕ್ಕೆ ಕಾರಣವೇ ಅಲ್ಲ. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮದಲ್ಲಿ ಬೀದಿನಾಯಿಗೂ ಅದು ಇರುವುದು ವಾಸಿಯಾಗದ ಕಾಯಿಲೆ ಅಥವಾ ಬದುಕದಷ್ಟು ಗಾಯ ಆದಾಗ ಮಾತ್ರ, ಅದೂ ಪಶುವೈದ್ಯರ ಕೈಯಿಂದ. ವಯಸ್ಸು ಕಾಯಿಲೆಯಲ್ಲ. ಸುಮ್ಮನೆ ಕೊಂದರೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 325ನೇ ಸೆಕ್ಷನ್‌ನಲ್ಲಿ 5 ವರ್ಷದವರೆಗೆ ಜೈಲು ಉಂಟು. ಕಮಿಟಿಯವರಿಗೆ ಇದನ್ನು ಓದಿ ಹೇಳಿ.

ಲೆಕ್ಕದ_ಮಾತು: ಗೂಡು ಕಟ್ಟಿದ್ರೆ ಅದೂ ತುಂಬ್ತದೆ ಮಾರಾಯ್ರೆ. ದಿನಕ್ಕೆ ಬರುವ ನಾಯಿಯನ್ನು ಒಂದೊಂದು ಉಳಿಯುವ ದಿನಗಳಿಂದ ಗುಣಿಸಿ. ತಿಂಗಳಿಗೆ 15 ಅಂದ್ರೆ ದಿನಕ್ಕೆ ಅರ್ಧ. ಸರಾಸರಿ 80 ದಿನ ಉಳಿದರೆ 40 ನಾಯಿ, 50 ದಿನ ಉಳಿದರೆ 25. ನೀವು ಕಡಿಮೆ ಮಾಡಬೇಕಾದ್ದು ಆ 30 ದಿನ.

ಹೆಚ್ಚಿನ ದಿನ ಹೋಗುವುದು ಕಾಯುವುದರಲ್ಲಿ: ಮರಿ ಆಗದ ಹಾಗೆ ಮಾಡುವ ಆಪರೇಷನ್‌ಗೆ, ಎರಡನೇ ಲಸಿಕೆಗೆ, ಒಂದು ಒಳ್ಳೆ ಫೋಟೋಕ್ಕೆ. ನಾಯಿ ಬಂದ ದಿನವೇ ಆಪರೇಷನ್ ತಾರೀಕು ಬರೆದಿಡಿ. ನಾಯಿ ದತ್ತು ಕೊಡುವ ಕ್ಯಾಂಪಿಗೆ ಇಪ್ಪತ್ತು ಮರಿ ಕೊಂಡೊಯ್ಯಬೇಡಿ. ಲಸಿಕೆ, ಆಪರೇಷನ್ ಎರಡೂ ಆದ ನಾಲ್ಕೈದು ದೊಡ್ಡ ನಾಯಿ ಸಾಕು. ಕಾರ್ಕಳ, ಪುತ್ತೂರು ಕಡೆ ತೋಟದ ಮನೆಯವರಿಗೆ ಬೇಕಾದ್ದು ಕಾವಲು ನಾಯಿ. ‘ಹೆಣ್ಣು ಬೇಡ’ ಅನ್ನುವವರಿಗೆ ಆಪರೇಷನ್ ಚೀಟಿ ತೋರಿಸಿ, ಅರ್ಧ ತಕರಾರು ಅಲ್ಲೇ ಮುಗೀತದೆ.

ಗಲ್ಫ್‌ಗೆ ಹೋಗುವವರಿಗೆ ಟಿಕೆಟ್ ತಾರೀಕು ಮೊದಲೇ ಗೊತ್ತಿರ್ತದೆ. ‘ನಾಯಿ ನಿಮ್ಮಲ್ಲೇ ಇರಲಿ, ಸಾಕುವವರು ಬೇಕು ಅಂತ ನಾವು ಪೋಸ್ಟ್ ಹಾಕ್ತೇವೆ’ ಅನ್ನಿ. ಗೋಣಿ ಮರಿ ಅಲ್ಲದೆ ಯಾರಾದರೂ ಮನೆಯ ಮರಿ ತಂದರೆ, ತಾಯಿಯ ಆಪರೇಷನ್‌ಗೆ ಒಪ್ಪಿಗೆ ತಗೊಳ್ಳಿ. ಇಲ್ಲದಿದ್ರೆ ವರ್ಷಕ್ಕೆ ಎರಡು ಸಲ ಅದೇ ಮನೆಯಿಂದ ಮರಿ ಬರ್ತವೆ.

ಕರಾವಳಿ_ವೆಟ್: ಮರಿಗಳ ರಕ್ತಭೇದಿ ಹೆಚ್ಚಾಗಿ ಪಾರ್ವೊ ಅನ್ನುವ ವೈರಸ್‌ನಿಂದ. ಕಿಟ್‌ನಲ್ಲಿ ಟೆಸ್ಟ್ ಮಾಡಿ ಖಚಿತಪಡಿಸಿಕೊಳ್ಳಿ. ಫಿನೈಲ್‌ಗೆ ಆ ವೈರಸ್ ಸಾಯುವುದಿಲ್ಲ, ಪರಿಮಳ ಮಾತ್ರ. ಮೊದಲು ಸೋಪಿನಲ್ಲಿ ಉಜ್ಜಿ ಕೊಳೆ ತೆಗೆಯಿರಿ, ಕೊಳೆ ಇದ್ದರೆ ಬ್ಲೀಚಿನ ಶಕ್ತಿ ಹೋಗ್ತದೆ. ಆಮೇಲೆ 5% ದ್ರವ ಬ್ಲೀಚ್, ಲೀಟರ್ ನೀರಿಗೆ ಸುಮಾರು 35 ಮಿ.ಲೀ., 10 ನಿಮಿಷ ಒದ್ದೆಯಾಗೇ ಇರಲಿ, ಬಳಿಕ ತೊಳೆಯಿರಿ. ದಿನಾ ಹೊಸತಾಗಿ ಕಲಸಿ.

ಡಿಎಚ್‌ಪಿಪಿಐ (ಪಾರ್ವೊ ಸೇರಿ ಹಲವು ರೋಗಕ್ಕೆ ಒಂದೇ ಲಸಿಕೆ) ಗೇಟಿನಲ್ಲೇ ಆಗಲಿ, ‘ನಾಳೆ ನೋಡುವ’ ಬೇಡ. ಮರಿಗೆ 4–6 ವಾರದಿಂದ ಶುರು, 2–3 ವಾರಕ್ಕೊಮ್ಮೆ, 20 ವಾರ ಆಗುವವರೆಗೆ. ತಾಯಿಯಿಂದ ಬಂದ ರೋಗನಿರೋಧಕ ಅಂಶ ಲಸಿಕೆಯನ್ನು ತಡೆಯುವುದರಿಂದ ಒಂದೇ ಡೋಸ್ ನಂಬಬೇಡಿ. ಹೊಸ ಮರಿ 14 ದಿನ ಬೇರೆ. ಅವುಗಳ ಕೆಲಸ ಕೊನೆಗೆ, ಬೇರೆ ಚಪ್ಪಲಿ, ಬೇರೆ ಬಕೆಟ್. ಒಳ್ಳೆಯದು ಅಂದ್ರೆ ನಾಯಿ ಇಲ್ಲದ ಮನೆಯಲ್ಲಿ ತಾತ್ಕಾಲಿಕವಾಗಿ ಸಾಕಿಸುವುದು.

ಮಲ್ಪೆರೋಡ್: ನೆಲ ಕೆಂಪುಕಲ್ಲು, ಹೊರಗೆ ಮಣ್ಣು.

ಕರಾವಳಿ_ವೆಟ್: ಹಾಗಾದ್ರೆ ಬ್ಲೀಚ್ ವ್ಯರ್ಥ, ಕಲ್ಲಿನ ತೂತುಗಳೊಳಗೆ ಕೊಳೆ ಕೂತಿರ್ತದೆ. ನಾಲ್ಕು ಗೂಡಿನ ದುಡ್ಡಲ್ಲಿ ಮರಿಗಳ ಕೋಣೆಗೆ ಇಳಿಜಾರಿನ ಸಿಮೆಂಟ್ ನೆಲ, ಗೋಡೆಗೆ ನಾಲ್ಕು ಅಡಿ ಗಾರೆ ಮಾಡಿಸಿ. ಮಣ್ಣಲ್ಲಿ ಪಾರ್ವೊ ವರ್ಷದವರೆಗೂ ಉಳಿಯಬಹುದು, ಲಸಿಕೆ ಪೂರ್ತಿಯಾಗದ ಮರಿಯನ್ನು ಅಂಗಳಕ್ಕೆ ಬಿಡಬೇಡಿ. ರಾತ್ರಿ ಅನ್ನದ ತಟ್ಟೆ ಎತ್ತಿಡಿ. ಇಲಿ ಬಂದರೆ ಇಲಿಜ್ವರ, ಅದು ಕೆಲಸದವರಿಗೂ ಅಂಟ್ತದೆ. ಮಳೆಗಾಲದಲ್ಲಿ ಅವರಿಗೆ ಗಮ್‌ಬೂಟ್ ಕೊಡಿ.