ಫ್ಯೋರ್ಡ್ ಕುದುರೆ: ಜೀನು ನಿಲ್ಲಲ್ಲ, ಟ್ರೇಲರ್ ಹತ್ತಲ್ಲ, ಜೂಲು ವಾಲಿದೆ. ಎಲ್ಲಿಂದ ಶುರು ಮಾಡಲಿ?

ಬೆನ್ನಪಟ್ಟೆ:

ನಮಸ್ಕಾರ ಎಲ್ಲರಿಗೂ. ಆರು ತಿಂಗಳ ಹಿಂದೆ ಒಂದು ಫ್ಯೋರ್ಡ್ (ನಾರ್ವೆಯ ಗಿಡ್ಡ ತಳಿ) ಹೆಣ್ಣು ಕುದುರೆ ತಂದೆವು. 9 ವರ್ಷ, 142 ಸೆಂಟಿಮೀಟರ್ ಎತ್ತರ, ಕಂದು ಮೈ, ಬೆನ್ನ ಉದ್ದಕ್ಕೂ ಕಪ್ಪು ಪಟ್ಟೆ. ಗುಣದಲ್ಲಿ ಬಂಗಾರ. ಮಕ್ಕಳು ಹೊಟ್ಟೆ ಕೆಳಗೆ ನುಸುಳಿ ಹೋದರೂ ಕಿವಿ ಅಲ್ಲಾಡಿಸುವುದಿಲ್ಲ.

ತೊಂದರೆ ಏನೆಂದರೆ, ಇದಕ್ಕೆ ಮುಂಚೆ ನನ್ನ ಹತ್ತಿರ ಇದ್ದದ್ದು ಉದ್ದ ಕಾಲಿನ ತೆಳ್ಳನೆ ಕುದುರೆ. ಅದರ ಒಂದು ಸಾಮಾನೂ ಇವಳಿಗೆ ಆಗುತ್ತಿಲ್ಲ. ಜೀನು ಹಾಕಿ ಹತ್ತು ಹೆಜ್ಜೆ ನಡೆಸಿದರೆ ಮುಂದಕ್ಕೆ ಜಾರಿ ಹೆಗಲ ಮೇಲೆ ಕೂರುತ್ತೆ. ನೆಲದಿಂದ ಹತ್ತಲು ಹೋದರೆ ನನ್ನ ಸಮೇತ ಪಕ್ಕಕ್ಕೆ ತಿರುಗುತ್ತೆ (ಹೋದ ವಾರ ಕೆಸರಲ್ಲಿ ಕೂತಿದ್ದೆ, ನಗಬೇಡಿ). ಹೊಟ್ಟೆಪಟ್ಟಿ ಇನ್ನೂ ಬಿಗಿ ಮಾಡಿದೆ, ಜೀನಿನ ಕೆಳಗೆ ಎರಡು ದಪ್ಪ ಪ್ಯಾಡ್ ಹಾಕಿದೆ, ಮೊದಲಿಗಿಂತ ಕೆಟ್ಟಿತು. ಲಗಾಮಿನ ಹಣೆಪಟ್ಟಿ ಕಿವಿ ಬುಡಕ್ಕೆ ಒತ್ತುತ್ತೆ, ಅದೇ ಕೆನ್ನೆಪಟ್ಟಿ ನೋಡಿದರೆ ಕೊನೆಯ ತೂತಿಗೆ ಹಾಕಿದರೂ ಉದ್ದ.

ಟ್ರೇಲರ್‌ಗೆ ಮುಂದಿನ ಎರಡು ಕಾಲು ಇಟ್ಟು ನಿಂತುಬಿಡುತ್ತಾಳೆ. ಹೆದರಿಕೆ ಏನೂ ಇಲ್ಲ, ಸುಮ್ನೆ ನಿಲ್ಲುತ್ತಾಳೆ, ಅಷ್ಟೇ. ಇಬ್ಬರು ಹಿಂದಿನಿಂದ ತಳ್ಳಿದರೂ ಗೋಡೆ ತಳ್ಳಿದ ಹಾಗೆ. ಜೂಲು ಬೇರೆ ಬೆಳೆದು ಒಂದು ಕಡೆಗೆ ವಾಲಿದೆ.

ಮೇವು: ಬೆಳಿಗ್ಗೆ ಸಂಜೆ ಒಂದೊಂದು ಬೋಗುಣಿ ಓಟ್ಸ್, ಹಗಲೆಲ್ಲ ಹುಲ್ಲುಗಾವಲು, ರಾತ್ರಿಗೆ ಬಲೆ ತುಂಬ ಒಣಹುಲ್ಲು. ದುಂಡುದುಂಡಗೆ ಮೈಕೈ ತುಂಬಿಕೊಂಡು ಚೆನ್ನಾಗಿದ್ದಾಳೆ. ಹೊಸ ಜೀನು ತೆಗೆದುಕೊಳ್ಳಬೇಕು ಅಂತಿದ್ದೀನಿ, ಎಂಥದ್ದು ಕೊಳ್ಳಲಿ?

ಹಳೇಜೀನು:

ಈಗ ಜೀನು ಕೊಳ್ಳಲೇಬೇಡಿ. ಯಾಕೆ ಅಂತ ಕೊನೆಗೆ ಹೇಳುತ್ತೀನಿ.

ಮೊದಲು ಆ ಎರಡು ಪ್ಯಾಡ್ ತೆಗೆದುಬಿಡಿ. ಬಿಗಿಯಾದ ಚಪ್ಪಲಿಗೆ ದಪ್ಪ ಕಾಲುಚೀಲ ಹಾಕಿಕೊಂಡ ಹಾಗೆ ಅದು. ತೆಳ್ಳನೆ ಕುದುರೆಗೆ ಮಾಡಿದ ಜೀನಿನ ಒಳಚೌಕಟ್ಟು ಕಿರಿದಾಗಿರುತ್ತೆ, ಫ್ಯೋರ್ಡ್ ಬೆನ್ನಿನ ಮೇಲೆ ಅದು ಕೂರುವುದೇ ಇಲ್ಲ, ಮೇಲೆ ತೇಲುತ್ತೆ. ತೇಲುವುದಕ್ಕೆ ನೀವು ಇನ್ನೂ ದಪ್ಪ ಸೇರಿಸಿದರೆ ಇನ್ನೂ ಮೇಲೇರಿ ಇನ್ನೂ ಉರುಳುತ್ತೆ. ಹೊಟ್ಟೆಪಟ್ಟಿ ಬಿಗಿದು ಉಪಯೋಗ ಇಲ್ಲ. ಕುದುರೆಗೆ ಉಸಿರು ಕಟ್ಟುತ್ತೆ, ಜೀನು ಮಾತ್ರ ನಿಲ್ಲಲ್ಲ.

ಈ ತಳಿಯ ಮೈಕಟ್ಟು ನೋಡಿ. ಹೆಗಲ ಉಬ್ಬು ತಗ್ಗು, ಪಕ್ಕೆಲುಬು ಪೀಪಾಯಿಯ ಹಾಗೆ ದುಂಡಗೆ, ಬೆನ್ನು ಗಿಡ್ಡ. ಎತ್ತರದ ಹೆಗಲಿರುವ ಕುದುರೆಯಲ್ಲಿ ಆ ಉಬ್ಬೇ ಜೀನನ್ನು ನಡುವೆ ಹಿಡಿದಿಡುತ್ತೆ. ಇಲ್ಲಿ ಹಿಡಿಯಲು ಏನೂ ಇಲ್ಲ. ಅದಕ್ಕೇ ಅಗಲವಾದ ಚೌಕಟ್ಟು, ಕೆಳಮೈ ಚಪ್ಪಟೆಯಾಗಿ ಬೆನ್ನಿಗೆ ಪೂರ್ತಿ ತಾಗುವಂಥದ್ದು ಬೇಕು. ಉದ್ದವನ್ನೂ ನೋಡಬೇಕು. ಕೊನೆಯ ಪಕ್ಕೆಲುಬು ಎಲ್ಲಿ ಮುಗಿಯುತ್ತೆ ಅಂತ ಕೈಯಲ್ಲಿ ಮುಟ್ಟಿ ಹುಡುಕಿ, ಜೀನಿನ ಭಾರ ಅದನ್ನು ದಾಟಿ ಹಿಂದಕ್ಕೆ ಹೋಗಬಾರದು. ಗಿಡ್ಡ ಬೆನ್ನಿನ ಕುದುರೆಯಲ್ಲಿ ಸವಾರನ ಅಳತೆಗೆ ಜೀನು ಹುಡುಕಿದರೆ ಇಲ್ಲೇ ಸಿಕ್ಕಿಬೀಳುತ್ತೀರಿ.

ಅಳತೆಗೆ ಒಂದು ಬಗ್ಗುವ ತಂತಿ ಸಾಕು. ಹೆಗಲಮೂಳೆಯ ಹಿಂದೆ, ಜೀನಿನ ನಡು, ಜೀನಿನ ಕೊನೆ, ಹೀಗೆ ಮೂರು ಕಡೆ ಬೆನ್ನಿನ ಮೇಲೆ ಒತ್ತಿ ಆಕಾರ ತೆಗೆದು, ದೊಡ್ಡ ಕಾಗದದ ಮೇಲೆ ಗೆರೆ ಎಳೆದು ದಿನಾಂಕ ಬರೆದಿಡಿ. ಮುಂದಕ್ಕೆ ಜಾರುವುದಕ್ಕೆ ಬಾಲದ ಕೆಳಗೆ ಹಾದುಹೋಗುವ ಬಾಲಪಟ್ಟಿ ಇದೆ, ಆದರೆ ಅಭ್ಯಾಸ ಇಲ್ಲದ ಕುದುರೆಗೆ ಏಕಾಏಕಿ ಹಾಕಿ ಮೇಲೆ ಕೂರಬೇಡಿ, ಒದೆಯುತ್ತೆ. ಕೆಲವು ದಿನ ಸುಮ್ನೆ ಹಾಕಿ ನಡೆಸಿ. ಮತ್ತೆ, ನೆಲದಿಂದ ಹತ್ತುವುದನ್ನು ಬಿಡಿ, ಒಂದು ಗಟ್ಟಿ ಮೆಟ್ಟಿಲು ಇಟ್ಟುಕೊಳ್ಳಿ.

ಹಣೆಪಟ್ಟಿ ವಿಷಯ ಸುಲಭ. ಹಣೆ ಅಗಲ, ಮುಖ ಗಿಡ್ಡ. ಹಣೆಪಟ್ಟಿ ದೊಡ್ಡ ಕುದುರೆಯದು, ಕೆನ್ನೆಪಟ್ಟಿ ಅದಕ್ಕಿಂತ ಒಂದು ಅಳತೆ ಚಿಕ್ಕದು, ಬಿಡಿಬಿಡಿಯಾಗಿ ತಂದು ಜೋಡಿಸಿ.

ಜೀನು ಈಗ ಯಾಕೆ ಬೇಡ ಅಂದರೆ, ನೀವು ಬರೆದ ಮೇವಿನ ಪಟ್ಟಿ ಓದಿ ನನಗೆ ಎದೆ ಝಲ್ಲೆಂದಿತು. ಅದು ಮೈಕೈ ತುಂಬಿಕೊಂಡಿರುವುದಲ್ಲ, ಕೊಬ್ಬು ಅಂತ ನನ್ನ ಅನುಮಾನ. ಇಳಿಯುವ ಮೈಗೆ ಇವತ್ತಿನ ಅಳತೆಯ ಜೀನು ಕೊಂಡರೆ ಆರು ತಿಂಗಳಲ್ಲಿ ಇನ್ನೊಂದು ಕೊಳ್ಳಬೇಕಾಗುತ್ತೆ.

ಗಾಳಿಮಾತು:

ಅಷ್ಟೇ ತಾನೇ, ಎರಡು ವಾರ ಹೊಟ್ಟೆಗೆ ಕಮ್ಮಿ ಹಾಕಿ ಕಟ್ಟಿಹಾಕಿ. ದಿನಕ್ಕೆ ಒಂದು ಹಿಡಿ ಒಣಹುಲ್ಲು. ಇಳಿಯುತ್ತೆ.

ಒಣಹುಲ್ಲು:

@ಗಾಳಿಮಾತು ದಯವಿಟ್ಟು ಇಂಥ ಸಲಹೆ ಕೊಡಬೇಡಿ ಮಾರಾಯ್ರೆ. ದಪ್ಪಗಿರುವ ಕುದುರೆಯನ್ನು ಏಕ್ದಂ ಉಪವಾಸ ಹಾಕಿದರೆ ಮೈಯ ಕೊಬ್ಬೆಲ್ಲ ಒಮ್ಮೆಲೆ ಕರಗಿ ರಕ್ತಕ್ಕೆ ಇಳಿಯುತ್ತೆ, ಯಕೃತ್ತು ತಡೆಯಲ್ಲ, ಜೀವಕ್ಕೇ ಕುತ್ತು. ಹೈಪರ್‌ಲಿಪೀಮಿಯಾ ಅನ್ನುವುದು ಇದಕ್ಕೇ. ಗಿಡ್ಡ ತಳಿಗಳಲ್ಲಿ ಈ ಅಪಾಯ ಇನ್ನೂ ಜಾಸ್ತಿ.

@ಬೆನ್ನಪಟ್ಟೆ ಅಕ್ಕ/ಅಣ್ಣ, ಓಟ್ಸ್ ಇವತ್ತೇ ನಿಲ್ಲಿಸಿ. ಈ ಕುದುರೆಗಳು ನಾರ್ವೆಯ ಪಶ್ಚಿಮದ ಕಡಿದಾದ ಬೆಟ್ಟಗಳಲ್ಲಿ, ಸಣ್ಣ ಹೊಲಗಳಲ್ಲಿ, ಇದ್ದಷ್ಟು ತಿಂದು ದುಡಿದು ಬಂದವು. ಇವತ್ತಿನ ಫ್ಯೋರ್ಡ್‌ಗಳೆಲ್ಲ 1891ರಲ್ಲಿ ಹುಟ್ಟಿದ ನ್ಯೋಲ್ 166 ಎಂಬ ಒಂದೇ ಗಂಡು ಕುದುರೆಯ ಸಂತಾನ, ಅವನೂ ಅದೇ ಸೀಮೆಯವನು. ಅಂಥ ಮೈಗೆ ಹುಲುಸಾದ ಹುಲ್ಲುಗಾವಲು ಕೊಟ್ಟು ಮೇಲೆ ಕಾಳು ಹಾಕಿದರೆ ಲ್ಯಾಮಿನೈಟಿಸ್ (ಗೊರಸಿನ ಒಳಪದರ ಉರಿಯೂತಕ್ಕೆ ಸಿಕ್ಕಿ ಕುದುರೆ ಕುಂಟುವ ರೋಗ) ಬಾಗಿಲಲ್ಲೇ ಕಾಯುತ್ತಿರುತ್ತೆ.

ಮೊದಲು ಅಳೆಯಿರಿ. ಹೆಗಲ ಉಬ್ಬಿನ ಹಿಂದೆ ಎದೆ ಸುತ್ತಳತೆ, ಆಮೇಲೆ ಭುಜದ ಮುಂತುದಿಯಿಂದ ಪಿರ್ರೆಯ ಹಿಂತುದಿವರೆಗೆ ಉದ್ದ, ಎರಡೂ ಸೆಂಟಿಮೀಟರ್‌ನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಬರುವುದು ಕೆಜಿ. ಅಂದಾಜೇ, ಆದರೆ ಎರಡು ವಾರಕ್ಕೊಮ್ಮೆ ಅದೇ ಜಾಗದಲ್ಲಿ ಅಳೆದರೆ ಏರುತ್ತಿದೆಯಾ ಇಳಿಯುತ್ತಿದೆಯಾ ಗೊತ್ತಾಗುತ್ತೆ.

ಕಣ್ಣಳತೆ ನಂಬಬೇಡಿ. ಫ್ಯೋರ್ಡ್ ಕತ್ತು ಹುಟ್ಟಾ ದಪ್ಪ, ಮೇಲೆ ಜೂಲು ನೆಟ್ಟಗೆ ನಿಂತಿರುತ್ತೆ, ಚಳಿಗಾಲದಲ್ಲಿ ಮೈತುಂಬ ಕೂದಲು. ಒಳಗೆ ಏನಿದೆ ಅಂತ ಕೈಗೆ ಮಾತ್ರ ಗೊತ್ತು. ಜೂಲಿನ ಬುಡದ ಏರನ್ನು ಕೈಯಲ್ಲಿ ಹಿಡಿದು ಆಕಡೆ ಈಕಡೆ ಬಾಗಿಸಿ ನೋಡಿ. ಗಟ್ಟಿಯಾಗಿ, ಬಾಗದೆ ನಿಂತಿದ್ದರೆ ಪಶುವೈದ್ಯರನ್ನು ಕರೆದು ಇನ್ಸುಲಿನ್ ಪರೀಕ್ಷೆ ಕೇಳಿ, ಅದು ಜಾಸ್ತಿ ಇದ್ದರೆ ಲ್ಯಾಮಿನೈಟಿಸ್ ಅಪಾಯ. ಪಕ್ಕೆಲುಬು ಲಘುವಾಗಿ ಒತ್ತಿದರೆ ಸಿಗಬೇಕು.

ಒಣಹುಲ್ಲು ತೂಗಿ ಹಾಕಿ, "ಒಂದು ಬಲೆ" ಅನ್ನುವುದು ಅಳತೆಯೇ ಅಲ್ಲ. ಇರಬೇಕಾದ ತೂಕದ 1.5 ಶೇಕಡಾದಷ್ಟು ಒಣಮೇವು ದಿನಕ್ಕೆ. ಗುರಿ 450 ಕೆಜಿ ಅಂದುಕೊಂಡರೆ 6.75 ಕೆಜಿ, ಹುಲ್ಲಿನಲ್ಲಿರುವ ತೇವ ಸೇರಿಸಿ ತೂಗಿದರೆ ಏಳೂವರೆಯಿಂದ ಎಂಟು ಕೆಜಿ. ವೈದ್ಯರು ನೋಡದೆ ಇದಕ್ಕಿಂತ ಇಳಿಸಬೇಡಿ. ಸಣ್ಣ ಕಣ್ಣಿನ ಬಲೆಯಲ್ಲಿ ನಾಲ್ಕು ಸಲ ಹಂಚಿ ಕೊಡಿ, ಹೊಟ್ಟೆ ಖಾಲಿ ಬಿದ್ದಿರಬಾರದು. ಒಂದು ಗಂಟೆ ನೀರಲ್ಲಿ ನೆನೆಸಿ ಆ ನೀರು ಚೆಲ್ಲಿದರೆ ಸಕ್ಕರೆ ಸ್ವಲ್ಪ ಇಳಿಯುತ್ತೆ. ಜೊತೆಗೆ ಖನಿಜದ ಪುಡಿ ಬೇಕು, ಬರೀ ಹುಲ್ಲಲ್ಲಿ ಎಲ್ಲ ಸಿಗಲ್ಲ.

ಬಯಲಿಗೆ ಬಿಡುವಾಗ ಬಾಯಿಗೆ ಕುಕ್ಕೆ. ಎತ್ತಿಗೆ ಕಟ್ಟುವ ಹಾಗೆಯೇ, ಆದರೆ ತಳದಲ್ಲಿ ತೂತಿರುವುದು, ಹುಲ್ಲು ಎಳೆಎಳೆಯಾಗಿ ಸಿಗುತ್ತೆ, ನೀರು ಕುಡಿಯಬಹುದು. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕಿತ್ತುಬರುವ ಕೊಂಡಿ ಇರಲೇಬೇಕು. ಇಡೀ ದಿನ ಹಾಕಬೇಡಿ. ಬಿಸಿಲಿದ್ದ ದಿನ ಸಂಜೆ ಹೊತ್ತಿಗೆ ಹುಲ್ಲಿನಲ್ಲಿ ಸಕ್ಕರೆ ತುಂಬಿರುತ್ತೆ, ಮಂಜುಗಡ್ಡೆ ಕಟ್ಟಿದ ಬೆಳಿಗ್ಗೆಯೂ ಹಾಗೇ. ಬೇಸಿಗೆಯಲ್ಲಿ ನಸುಕಿನಲ್ಲಿ ಬಿಡುವುದು ಒಳ್ಳೆಯದು.

ದಿನಾ ಗೊರಸು ಶುಚಿ ಮಾಡುವಾಗ ಮುಟ್ಟಿ ನೋಡಿ. ಬಿಸಿ ಇದೆಯಾ, ಗೊರಸಿನ ಮೇಲಿನ ಗಂಟಿನ ಹಿಂದೆ ನಾಡಿ ಜೋರಾಗಿ ಬಡಿಯುತ್ತಿದೆಯಾ, ಗಟ್ಟಿ ನೆಲದಲ್ಲಿ ತಿರುಗುವಾಗ ಕಾಲು ಎಳೆಯುತ್ತಾಳಾ, ಹಿಂದಕ್ಕೆ ವಾಲಿ ನಿಲ್ಲುತ್ತಾಳಾ. ಇದರಲ್ಲಿ ಒಂದು ಕಂಡರೂ ನಡೆಸಬೇಡಿ, ದಪ್ಪಗೆ ಮೆತ್ತನೆ ಹಾಸು ಹಾಕಿ ತಕ್ಷಣ ವೈದ್ಯರಿಗೆ ಫೋನ್ ಮಾಡಿ.

ನಾಲ್ಕುಚಕ್ರ:

ಟ್ರೇಲರ್ ನನ್ನ ವಿಷಯ. ತಳ್ಳುವುದು ನಿಲ್ಲಿಸಿ. ಫ್ಯೋರ್ಡ್ ಹುಟ್ಟಿದ್ದೇ ಭಾರ ಎಳೆಯಲು, ಬಲ ತೋರಿಸಿದರೆ ಅದಕ್ಕಿಂತ ಜಾಸ್ತಿ ಬಲ ತೋರಿಸುತ್ತೆ, ಒಂದು ಸಲ ಗೆದ್ದರೆ ಮರೆಯಲ್ಲ. ಪ್ರಯಾಣ ಇಲ್ಲದ ದಿನ ಟ್ರೇಲರನ್ನು ಕಾರಿಗೆ ಜೋಡಿಸಿ ಸಮ ನೆಲದಲ್ಲಿ ನಿಲ್ಲಿಸಿ, ನಡುವಿನ ಗೋಡೆ ಪಕ್ಕಕ್ಕೆ ಸರಿಸಿ, ಮುಂದಿನ ಚಿಕ್ಕ ಬಾಗಿಲು ತೆಗೆದು ಬೆಳಕು ಬಿಡಿ. ಇವು ಅಗಲ ಮೈಯ ಕುದುರೆಗಳು, ಇಕ್ಕಟ್ಟು ಅನ್ನಿಸಿದರೆ ನಿಲ್ಲುವುದು ಸಹಜ ಅಲ್ವಾ? ಎರಡು ಕಾಲು ಇಟ್ಟಳಾ, ಸಾಕು, ನೀವೇ ಹಿಂದಕ್ಕೆ ಇಳಿಸಿ. ಮುಂದಿನ ಸಲ ಮೂರನೇ ಕಾಲು. ಹಿಂದಕ್ಕೆ ಇಳಿಯುವುದು ಕಲಿತ ಕುದುರೆಗೆ ಹತ್ತುವ ಭಯ ಅರ್ಧ ಹೋಗುತ್ತೆ. ದಿನಕ್ಕೆ ಹತ್ತು ನಿಮಿಷ, ಜಾಸ್ತಿ ಬೇಡ.

ಹತ್ತಿದ ಮೇಲೆ ಮೊದಲು ಹಿಂದಿನ ಅಡ್ಡಪಟ್ಟಿ ಹಾಕಿ, ಆಮೇಲೆ ತಲೆ ಕಟ್ಟಿ. ಇಳಿಸುವಾಗ ಉಲ್ಟಾ: ಮೊದಲು ಹಗ್ಗ ಬಿಚ್ಚಿ, ಆಮೇಲೆ ಅಡ್ಡಪಟ್ಟಿ. ಇದನ್ನು ಒಂದು ಸಲ ಹಿಂದುಮುಂದು ಮಾಡಿದೆ, ಹಗ್ಗಕ್ಕೆ ಜೋತುಬಿದ್ದ ಕುದುರೆ ನೋಡಿ ಇವತ್ತಿಗೂ ಕೈ ನಡುಗುತ್ತೆ. ತಲೆ ಬಗ್ಗಿಸಿ ಸೀನಲು ಆಗುವಷ್ಟು ಹಗ್ಗ ಬಿಡಿ. ಗಂಟೆಗಟ್ಟಲೆ ತಲೆ ಎತ್ತಿ ಕಟ್ಟಿದರೆ ಧೂಳು, ಕಫ ಕೆಳಗಿಳಿಯದೆ ಶ್ವಾಸಕೋಶಕ್ಕೆ ಸೋಂಕು ಆಗುತ್ತೆ. ದೂರದ ದಾರಿಯಲ್ಲಿ 3-4 ಗಂಟೆಗೊಮ್ಮೆ ನಿಲ್ಲಿಸಿ ನೀರು ತೋರಿಸಿ. ಒಂದೇ ಕುದುರೆ ಇದ್ದರೆ ಡ್ರೈವರ್ ಕೂರುವ ಬದಿಗೆ ನಿಲ್ಲಿಸಿ, ರಸ್ತೆ ನಡುವೆ ಎತ್ತರ, ಅಂಚಿಗೆ ಇಳಿಜಾರು ಇರುತ್ತಲ್ಲ, ಅದಕ್ಕೆ. ಈ ತಳಿಯ ಕೂದಲಿಗೆ ಕಂಬಳಿ ಹೊದಿಸಿ ಕಿಟಕಿ ಮುಚ್ಚುವವರನ್ನು ನೋಡಿದ್ದೀನಿ, ಇಳಿಸುವಾಗ ಕುದುರೆ ಬೆವರಲ್ಲಿ ತೊಯ್ದಿರುತ್ತೆ. ಗಾಳಿ ಆಡಬೇಕು.

ಗಿಡ್ಡ ಕುದುರೆ, ಸಣ್ಣ ಕಾರು ಸಾಕು ಅಂದುಕೊಳ್ಳಬೇಡಿ. ಟ್ರೇಲರ್ ಖಾಲಿ ತೂಕ, ಕುದುರೆ, ಹುಲ್ಲು, ಜೀನು, ನೀರು (20 ಲೀಟರ್ ಅಂದರೆ 20 ಕೆಜಿ) ಎಲ್ಲ ಕೂಡಿಸಿ ಕಾರಿನ ಎಳೆಯುವ ಮಿತಿ ನೋಡಿ. ರಬ್ಬರ್ ಹಾಸು ಎತ್ತಿ ಕೆಳಗಿನ ಹಲಗೆಯನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ, ಉಚ್ಚೆ ಕುಡಿದ ಮರ ಒಳಗೇ ಕೊಳೆತಿರುತ್ತೆ. ಟೈರ್ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲಿನ ಎರಡು ಅದು ತಯಾರಾದ ವಾರ, ಕೊನೆಯ ಎರಡು ತಯಾರಾದ ವರ್ಷ. ಟೈರಿನ ಮೇಲ್ಮೈ ಚೆನ್ನಾಗಿ ಕಂಡರೂ ಹಳೇ ರಬ್ಬರ್ ಸಿಡಿಯುತ್ತೆ.

ಕತ್ತರಿಕೈ:

ಎಲ್ಲರೂ ಹೆದರಿಸಿದರು, ನಾನು ಜೂಲು ಹೇಳುತ್ತೀನಿ 😄

ಜೂಲಿನ ನಡುವಿನ ಕಪ್ಪು ಕೂದಲಿಗೆ ಮಿಡ್‌ಸ್ಟೋಲ್ ಅಂತಾರೆ, ಎರಡೂ ಬದಿಗೆ ಬಿಳಿ. ಉದ್ದ ಬಿಟ್ಟರೆ ತನ್ನ ಭಾರಕ್ಕೆ ತಾನೇ ವಾಲುತ್ತೆ, ಬೇರೇನೂ ರೋಗ ಅಲ್ಲ. (ಕತ್ತಿನ ಏರೇ ವಾಲಿದ್ದರೆ ಮಾತ್ರ ಅದು ಕೊಬ್ಬು, ಒಣಹುಲ್ಲು ಅವರು ಹೇಳಿದ್ದನ್ನು ಮತ್ತೆ ಓದಿ.) ಒಣಗಿದ ಜೂಲನ್ನೇ ಕತ್ತರಿಸಿ, ಕುದುರೆ ತಲೆ ಸಹಜವಾಗಿ ಎತ್ತಿ ನಿಂತಿರಬೇಕು. ಮೊದಲು ಕಪ್ಪನ್ನು ಬಿಲ್ಲಿನ ಹಾಗೆ, ಕತ್ತಿನ ನಡುವೆ ಎತ್ತರ, ಕಿವಿ ಮತ್ತು ಹೆಗಲ ಕಡೆಗೆ ಇಳಿಯುವ ಹಾಗೆ. ಆಮೇಲೆ ಬದಿಯ ಬಿಳಿಯನ್ನು ಒಂದು ಸೆಂಟಿಮೀಟರ್ ತಗ್ಗಿಸಿ, ಕಪ್ಪು ಗೆರೆ ಎದ್ದು ಕಾಣುತ್ತೆ. ಹತ್ತು ಹೆಜ್ಜೆ ದೂರ ಹೋಗಿ ನೋಡಿ, ಬಂದು ಕತ್ತರಿಸಿ, ಮತ್ತೆ ಹೋಗಿ ನೋಡಿ. ಬಹಳ ವಾಲಿದ್ದರೆ ಗಿಡ್ಡಕ್ಕೆ ಕತ್ತರಿಸಿ ಬಿಟ್ಟುಬಿಡಿ, ನೆಟ್ಟಗೆ ಬೆಳೆಯುತ್ತೆ. ಹಣೆಗೂದಲು ಮುಟ್ಟಬೇಡಿ, ನೊಣ ಓಡಿಸಲು ಅದು ಬೇಕು.

ಕಾಲಿನ ಹಿಂದಿನ ಕೂದಲನ್ನೂ ಬಿಡಿಸಿ ನೋಡುತ್ತಿರಿ. ಸುಮ್ನೆ ಸುಮ್ನೆ ಕಾಲು ನೆಲಕ್ಕೆ ಬಡಿಯುತ್ತಿದ್ದರೆ ಒಳಗೆ ನುಸಿ ಸೇರಿರಬಹುದು.

ಬೆನ್ನಪಟ್ಟೆ:

ಅಳೆದೆ. ಸುತ್ತಳತೆ 196, ಉದ್ದ 154. ಲೆಕ್ಕ ಹಾಕಿದರೆ 498 ಕೆಜಿ. ಪಕ್ಕೆಲುಬು ಹುಡುಕಲು ನಾನು ನನ್ನ ಹೆಂಡತಿ ಇಬ್ಬರೂ ಸೋತೆವು. ಓಟ್ಸ್ ಡಬ್ಬ ಎತ್ತಿಟ್ಟಿದ್ದೀನಿ, ವೈದ್ಯರು ನಾಳೆ ಬರುತ್ತಾರೆ.

ಬೆನ್ನಪಟ್ಟೆ (ಮೂರು ತಿಂಗಳ ನಂತರ):

ಕೇಳಿದವರಿಗೆಲ್ಲ ಒಂದೇ ಕಡೆ ಬರೆಯುತ್ತೀನಿ. ಇನ್ಸುಲಿನ್ ಜಾಸ್ತಿ ಇತ್ತು, ಗೊರಸಿಗೆ ಇನ್ನೂ ಏನೂ ಆಗಿರಲಿಲ್ಲ. ಈಗ ಸುತ್ತಳತೆ 190, ಅಂದರೆ 468 ಕೆಜಿ. ಮೊದಲ ವಾರ ಕುಕ್ಕೆ ಕಟ್ಟಿದಾಗ ಬೇಲಿ ಕಂಬಕ್ಕೆ ಉಜ್ಜಿ ಎರಡು ಸಲ ಕಿತ್ತುಹಾಕಿದಳು, ಮೂಗಿನ ಪಟ್ಟಿಗೆ ಉಣ್ಣೆ ಸುತ್ತಿದ ಮೇಲೆ ಸುಮ್ಮನಾದಳು. ಟ್ರೇಲರ್‌ಗೆ ಹನ್ನೊಂದನೇ ದಿನ ನಾಲ್ಕೂ ಕಾಲು ಇಟ್ಟಳು, ಈಗ ನನಗಿಂತ ಮೊದಲು ಹತ್ತುತ್ತಾಳೆ.

@ಹಳೇಜೀನು ಸಾರ್, ತಂತಿ ಅಳತೆ ಮತ್ತೆ ತೆಗೆದೆ. ಹೆಗಲ ಹಿಂದಿನ ಗೆರೆ ಹಳೆಯದರ ಒಳಗೆ ಒಂದು ಬೆರಳು ಬಂದಿದೆ. ಜೀನು ಇನ್ನೂ ಕೊಂಡಿಲ್ಲ. ಜೂಲು ನಾನೇ ಕತ್ತರಿಸಿದೆ, ಬಿಲ್ಲಿನ ಹಾಗೆ ಬರಲಿಲ್ಲ, ಮೆಟ್ಟಿಲಿನ ಹಾಗೆ ಬಂದಿದೆ.